ನನ್ನೊಳಗೆ ಕಾಫಿ ಇತ್ತು

ನಾನು ಒಂದು ಸ್ಟೀಲಿನ ಫ್ಲಾಸ್ಕು. ಕರೆಂಟಿನ ಕಾಫಿ ಮೇಕರಿನ ಮೂಗಿನ ಕೆಳಗೆ ಕೂತು, ಮೇಲಿನಿಂದ ತೊಟ್ಟಿಕ್ಕುವ ಡಿಕಾಕ್ಷನ್ನನ್ನು ತುಂಬಿಕೊಂಡು, ಅದು ಆರದಂತೆ ಕಾಯುವುದು ನನ್ನ ಕೆಲಸ. ಹುಟ್ಟುವಾಗ ನಾನು ಎರಡಾಗಿದ್ದೆ: ದೊಡ್ಡದೊಂದು ಪಾತ್ರೆ, ಅದರೊಳಗೆ ಕೂರುವ ಚಿಕ್ಕದೊಂದು ಪಾತ್ರೆ. ಕತ್ತಿನ ಬಳಿ ಎರಡನ್ನೂ ಬೆಸೆದು, ನಡುವಿನ ಗಾಳಿಯನ್ನೆಲ್ಲ ಹೀರಿ ತೆಗೆದು, ತಳದ ಸಣ್ಣ ತೂತನ್ನು ಮುಚ್ಚಿದರು. ಆ ಗಳಿಗೆ ನನಗೆ ನೆನಪಿದೆ. ಕಾರ್ಖಾನೆಯ ಗದ್ದಲ ಒಮ್ಮೆಲೇ ದೂರ ಸರಿಯಿತು. ನನ್ನ ಎರಡು ಗೋಡೆಗಳ ನಡುವೆ ಏನೂ ಇಲ್ಲದ ಜಾಗವೊಂದು ಉಳಿಯಿತು. ಬಿಸಿ ದಾಟಿಹೋಗಲು ಅಲ್ಲಿ ಆಸರೆಯಿಲ್ಲ. ನನಗೆ ಕನಸು ಬೀಳುವುದು ಅಲ್ಲಿಯೇ.

ರಾಯಚೂರಿನ ಅಂಗಡಿಯೊಂದರಲ್ಲಿ ನನ್ನ ಪಕ್ಕ ಗಾಜಿನ ಜಗ್ಗಿನ ಯಂತ್ರಗಳೂ ಇದ್ದವು. ಅವುಗಳ ಕೆಳಗೆ ಕಾಯುವ ತಟ್ಟೆ ಇರುತ್ತದೆ. ಕಾಫಿ ಆರುವುದಿಲ್ಲ, ಆದರೆ ಕುದ್ದು ಕುದ್ದು ಕಹಿಯಾಗುತ್ತದೆ. ನನ್ನನ್ನು ಕೊಳ್ಳಲು ಬಂದವರು ಹಾಸನದ ಕಡೆಯ ದಂಪತಿ. ಜಯಸಿಂಹ ಉಷ್ಣ ವಿದ್ಯುತ್ ಕೇಂದ್ರದ ಕಂಟ್ರೋಲ್ ರೂಮಿನಲ್ಲಿ ಶಿಫ್ಟ್ ಕೆಲಸಗಾರ. ಕುಮುದಾ ಅಲ್ಲಿನ ಕಾಲೋನಿಯ ಶಾಲೆಯಲ್ಲಿ ವಿಜ್ಞಾನದ ಟೀಚರು. ಅವನು ರಾತ್ರಿ ಪಾಳಿ ಮುಗಿಸಿ ಬಂದಾಗಲೂ ಕಾಫಿ ಆಗತಾನೇ ಇಳಿದಂತಿರಬೇಕು. ಅದಕ್ಕೇ ಫ್ಲಾಸ್ಕಿನದೇ ಬೇಕೆಂದು ನಿರ್ಧರಿಸಿದ್ದರು. ಬಾಯಿ ಕಿರಿದಾಗಿದ್ದರೆ ಬಿಸಿ ಹೆಚ್ಚು ಹೊತ್ತು ನಿಲ್ಲುತ್ತದೆ ಎಂದು ಅವನ ವಾದ. ಕೈ ಹೋಗದ ಪಾತ್ರೆಯನ್ನು ತೊಳೆಯುವುದು ಹೇಗೆ, ವಾಸನೆ ಹಿಡಿಯುತ್ತದೆ ಎಂದು ಅವಳದು. ಅವಳು ಒಂದೊಂದೇ ಫ್ಲಾಸ್ಕಿನೊಳಗೆ ಕೈ ಇಳಿಸಿ ನೋಡುತ್ತ ಬಂದಳು. ನನ್ನ ಬಾಯಿಗೆ ಬಂದಾಗ ಗಾಜಿನ ಬಳೆಗಳು ತಡೆದವು. ಅವುಗಳನ್ನು ಕಳಚಿ ಅವನ ಕೈಗಿತ್ತಳು. ಕೈ ತಳದವರೆಗೂ ಇಳಿಯಿತು. ಒಳಗಿನ ಕತ್ತಲೆಯಲ್ಲಿ ಐದು ಬೆರಳುಗಳು ನನ್ನನ್ನು ಮುಟ್ಟಿದ್ದು ಅದೇ ಮೊದಲು.

ಕಾಲೋನಿಯಲ್ಲಿ 'ಥರ್ಮಲ್' ಎಂದರೆ ಹೊಗೆ ಕೊಳವೆಗಳ ಆ ಕೇಂದ್ರವೇ. ನನ್ನ ಡಬ್ಬದ ಮೇಲೆಯೂ ಆ ಪದವಿತ್ತು. ಪಕ್ಕದ ಮನೆಯ ಈರಮ್ಮ ಅದನ್ನು ಓದಿ, ಸೆರಗಿನಲ್ಲಿ ನಗು ಮುಚ್ಚಿಕೊಂಡು ಕೇಳಿದಳು: "ಏನ್ರೀ ಟೀಚರ್ರೀ, ಹೊರಗಿನ ಥರ್ಮಲ್ಲು ಸಾಲ್ಲಿಲ್ಲಂತ ಮನ್ಯಾಗೂ ಒಂದು ತಂದೀರೇನು?"

ನಾನಿದ್ದ ಅಡುಗೆಕಟ್ಟೆಯಿಂದ ನನಗೆ ಕಾಣುತ್ತಿದ್ದುದು ಮೊಣಕೈಗಳು, ಗದ್ದಗಳು, ಕಿಟಕಿಯಾಚೆ ನಿಧಾನವಾಗಿ ಏರುವ ಬಿಳಿಯ ಹೊಗೆ. ಬೆಳಿಗ್ಗೆ ಕುಮುದಾ ಬಳೆ ಕಳಚಿ ಕಟ್ಟೆಯ ಮೇಲಿಟ್ಟು ನನ್ನನ್ನು ತೊಳೆಯುವಳು. ನನ್ನೊಳಗೆ ಹಾಲು ಬೀಳಬಾರದೆಂಬುದು ಅವಳ ಕಟ್ಟಪ್ಪಣೆ. ಪಾಳಿ ಮುಗಿಯುವ ಮೊದಲು ಅವನು ಫೋನು ಮಾಡಿ, "ಕಾಫಿ ಆಯ್ತಾ?" ಎಂದು ಕೇಳುವನು. "ನೀವು ಬನ್ನಿ," ಎನ್ನುವಳು. ಅವನು ಬಂದ ಮೇಲೆ ಹಾಲು ಬಿಸಿ ಮಾಡಿ, ಇಬ್ಬರೂ ನನ್ನೆದುರು ನಿಂತು ಕುಡಿಯುವರು. ಅವಳು ಶಾಲೆಗೆ ಹೊರಡುವಳು, ಅವನು ಮಲಗುವನು. ಆ ಮನೆಯ ದಾಂಪತ್ಯವೆಲ್ಲ ಆ ಒಂದು ಲೋಟದ ಹೊತ್ತಿನಲ್ಲಿ ನಡೆಯುತ್ತಿತ್ತು.

ಹೀಗಿರುವಾಗ ಬಳ್ಳಾರಿಯ ಕಡೆ ಹೊಸ ಘಟಕವೊಂದು ಶುರುವಾಯಿತು. ಹೋಗಲು ಒಪ್ಪಿದವರಿಗೆ ಬಡ್ತಿ. ಜಯಸಿಂಹ ಹೆಂಡತಿಯನ್ನು ಕೇಳದೆಯೇ ಹೆಸರು ಕೊಟ್ಟುಬಂದ. ಅವಳಿಗೆ ಶಾಲೆಯಲ್ಲಿ ಕೆಲಸ ಕಾಯಂ ಆಗಿ ಇನ್ನೂ ವರ್ಷ ತುಂಬಿರಲಿಲ್ಲ. ಸುದ್ದಿ ಅವಳಿಗೆ ತಿಳಿದದ್ದು ಈರಮ್ಮನಿಂದ. ಅಂದು ಮನೆಯಲ್ಲಿ ದೊಡ್ಡ ಮಾತೇನೂ ಆಗಲಿಲ್ಲ. ಮಾತೇ ನಿಂತಿತು.

ಮರುದಿನದಿಂದ ಕುಮುದಾ ಅವನು ಬರುವ ಮೊದಲೇ ಹೊರಡತೊಡಗಿದಳು. ಆದರೆ ಕಾಫಿ ಇಳಿಸದೆ ಹೋಗಲಿಲ್ಲ. ನನ್ನನ್ನು ತುಂಬಿಸಿ, ಮುಚ್ಚಳ ಬಿಗಿದು, ಅವನ ಲೋಟವನ್ನು ಒರೆಸಿ ಗೂಡಿನಲ್ಲಿ ಮುಂದಕ್ಕಿಡುವಳು. ಫೋನು ಎಂದಿನಂತೆ ಬರುತ್ತಿತ್ತು, ಅಳುಕುತ್ತ.

"ಕಾಫಿ ಆಯ್ತಾ?"

"ಆಯ್ತು."

ಅಷ್ಟೇ. ಮಾಡಿಟ್ಟಿದ್ದೇನೆ ಎಂದು ಅವಳ ಅರ್ಥ. ಕುಡಿದಾಯಿತು, ಮುಗಿಯಿತು ಎಂದು ಅವನು ತಿಳಿದ. ಅವನು ಬಂದು ನನ್ನತ್ತ ಒಮ್ಮೆ ನೋಡುವನು. ಗಾಜಿನವನಾಗಿದ್ದರೆ ಕಪ್ಪಗೆ ತುಂಬಿರುವುದು ಕಂಡೇ ಕಾಣುತ್ತಿತ್ತು. ನಾನು ಸ್ಟೀಲು. ಒಳಗೆ ಹೊಗೆಯಾಡುತ್ತಿದ್ದರೂ ಹೊರಮೈ ತಣ್ಣಗೆ. ಅದು ನನ್ನ ಹೆಚ್ಚುಗಾರಿಕೆ. ನನ್ನನ್ನು ಆರಿಸಿದ್ದೂ ಅದಕ್ಕೇ. ಅವನು ನೀರು ಕುಡಿದು ಮಲಗುವನು. ಸಂಜೆ ಅವಳು ಮುಚ್ಚಳ ತೆಗೆದರೆ ಡಿಕಾಕ್ಷನ್ ಹಾಗೇ ಇರುವುದು. ಅದನ್ನು ಸಿಂಕಿಗೆ ಸುರಿಯುವಳು. 'ನಾನು ಮಾಡಿದ್ದು ಬೇಡವಾಯಿತು' ಎಂದು ಅವಳ ಮುಖ, 'ನನಗೆ ಉಳಿಸುವುದೂ ಬೇಡವಾಯಿತು' ಎಂದು ಅವನ ಬೆನ್ನು. ನಡುವೆ ನಾನು, ಇಬ್ಬರ ವಿಷಯವನ್ನೂ ಬಲ್ಲವನು. ಬಾಯಿ ಇದ್ದೂ ಸುರಿಯುವುದಷ್ಟೇ ಗೊತ್ತು. ಕನಸಿನಲ್ಲಿ ನನಗೆ ಸಾವಿರ ತೂತುಗಳಾಗಿ, ಕಾಫಿಯ ಘಮ ಮನೆಯೆಲ್ಲ ತುಂಬುತ್ತಿತ್ತು. ಎಚ್ಚರವಾದರೆ ಅದೇ ನಯವಾದ, ತಣ್ಣನೆಯ ಮೈ.

ಬಳ್ಳಾರಿಯಿಂದ ಆದೇಶ ಬಂತು. ಒಬ್ಬನೇ ಹೋಗುವುದೆಂದು ಅವನು ಪೆಟ್ಟಿಗೆ ತುಂಬತೊಡಗಿದ. ಪಾಳಿಯಿಂದ ಬಂದ ಒಂದು ಬೆಳಿಗ್ಗೆ ನನ್ನ ಮುಂದೆ ಬಂದು ನಿಂತ. ಇವಳಿಗೆ ಇನ್ನು ಇದು ಬೇಡವೇನೋ ಎಂದುಕೊಂಡಿರಬೇಕು. ಖಾಲಿಯೆಂದು ನಂಬಿ, ಪೆಟ್ಟಿಗೆಗೆ ಹಾಕಿಕೊಳ್ಳಲೆಂದು ಎರಡು ಬೆರಳಿನಲ್ಲಿ ನನ್ನ ಹಿಡಿಯನ್ನು ಎತ್ತಿದ. ನನ್ನ ಭಾರ ಅವನು ನೆನೆಸಿದ್ದಲ್ಲ. ಜಾರಿದೆ. ಕಟ್ಟೆಯ ಕಲ್ಲಂಚು ನನ್ನ ತಳಕ್ಕೆ ಬಡಿಯಿತು. ಮುಚ್ಚಳ ಸಡಿಲಿ ಸುಡುವ ಡಿಕಾಕ್ಷನ್ ಅವನ ಪಾದದ ಮೇಲೆ ಚೆಲ್ಲಿತು.

ಸದ್ದು ಕೇಳಿ ಈರಮ್ಮ ಬಂದಳು. ಯಾರಿಗಾಗಿ ಮಾಡಿದ್ದು ಇದು ಎಂದು ಅವನು ಅವಳನ್ನೇ ಕೇಳಿದ.

"ಯಾರಿಗಂದ್ರ? ನಿಮಗ. ದಿನಾ ನಸುಕಿನ್ಯಾಗ ನಮ್ಮನಿತನಾ ವಾಸ್ನಿ ಬರತೈತಿ. ಮೂಗು ಎಲ್ಲಿಟ್ಟಿದ್ರಿ ಸಾಹೇಬ್ರ?"

ಅಂದು ಅವನು ಮಲಗಲಿಲ್ಲ. ಉಳಿದಿದ್ದ ಡಿಕಾಕ್ಷನ್ ಇಟ್ಟುಕೊಂಡು ನನ್ನೆದುರೇ ಕೂತ. ನನ್ನ ತಳದ ಬೆಸುಗೆಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ಅದರೊಳಗಿಂದ ಗಾಳಿ ಮೆಲ್ಲಗೆ ನುಸುಳಿ, ನನ್ನ ಕನಸಿನ ಜಾಗವನ್ನು ತುಂಬುತ್ತಿತ್ತು. ಹುಟ್ಟಿದಂದಿನಿಂದ ದೂರವಿದ್ದ ಜಗತ್ತಿನ ಸದ್ದು ಮತ್ತೆ ಹತ್ತಿರವಾಯಿತು.

ಮಧ್ಯಾಹ್ನ ಕುಮುದಾ ಬಂದಳು. ಕಟ್ಟೆಯ ಮೇಲೆ ಎರಡು ಲೋಟ.

"ಆಯ್ತು ಅಂದ್ಯಲ್ಲ ನೀನು, ದಿನಾ?"

"ಆಯ್ತು ಅಂದ್ರೆ ಮಾಡಿದೀನಿ ಅಂತ ಕಣ್ರೀ. ಮತ್ತಿನ್ನೇನು?"

"ನಾನು, ಮುಗೀತು ಅಂತ..."

ಅವಳು ನಗಲು ಹೋದಳು. ಆಗಲಿಲ್ಲ. ಸೆರಗನ್ನು ಬಾಯಿಗೆ ಒತ್ತಿಕೊಂಡಳು. 'ನನ್ನನ್ನು ಕೇಳದೆ ಹೆಸರು ಯಾಕೆ ಕೊಟ್ಟಿರಿ' ಎಂದು ಕೊನೆಗೂ ಕೇಳಿದಳು. ಹೆಸರು ವಾಪಸು ತೆಗೆದುಕೊಳ್ಳುತ್ತೇನೆ ಎಂದಷ್ಟೇ ಅವನು ಹೇಳಿದ. ಆಮೇಲೆ ಇಬ್ಬರೂ ಕಾಫಿ ಕುಡಿದರು. ಅದು ಉಗುರುಬೆಚ್ಚಗಿತ್ತು. ನಾನು ನನ್ನ ಕೆಲಸದಲ್ಲಿ ಸೋತದ್ದು ಅದೇ ಮೊದಲು. ಅವರಿಗೆ ಅದು ತಿಳಿಯಲೇ ಇಲ್ಲ.

ಕೆಲವು ವರ್ಷಗಳ ನಂತರ ಇಬ್ಬರೂ ಕೂಡಿಯೇ ಬೇರೆ ಊರಿಗೆ ಹೋದರು. ಯಂತ್ರ ಅಷ್ಟರಲ್ಲಿ ಕೆಟ್ಟಿತ್ತು; ಆ 'ಆಯ್ತು' ಕತೆಯ ಸಮೇತ ನಾನು ಈರಮ್ಮನ ಪಾಲಾದೆ. ಈಗ ನನ್ನೊಳಗೆ ಹಾಲು ಹಾಕಿದ ಚಹಾ. ಹಳೆಯ ಕಟ್ಟಪ್ಪಣೆ ಇಲ್ಲಿ ನಡೆಯುವುದಿಲ್ಲ. ಬಿಸಿ ನನ್ನಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಗೋಡೆ ದಾಟಿ ಹೊರಬರುತ್ತದೆ. ಚಳಿಗಾಲದಲ್ಲಿ ಈರಮ್ಮನ ಬೆರಳ ಗಂಟುಗಳು ನೋಯುತ್ತವೆ. ಅವಳು ನನ್ನನ್ನು ಮಡಿಲಲ್ಲಿಟ್ಟುಕೊಂಡು, ಎರಡೂ ಅಂಗೈಗಳನ್ನು ನನ್ನ ಮೈಗೆ ಒತ್ತಿ, ಹೊಗೆ ಕೊಳವೆಗಳ ಕಡೆ ನೋಡುತ್ತ ಕೂರುತ್ತಾಳೆ. ಒಳ್ಳೆಯ ಫ್ಲಾಸ್ಕು ಯಾರ ಕೈಯನ್ನೂ ಬೆಚ್ಚಗೆ ಮಾಡಲಾರದು. ಕೆಟ್ಟ ಮೇಲೆಯೇ ನನಗೆ ಅದು ಸಾಧ್ಯವಾಯಿತು.

ಹೊರಗಿನಿಂದ ಸೊಸೆ ಕೂಗುತ್ತಾಳೆ: "ಅತ್ತೀ, ಚಾ ಆತೇನು?"

ಈರಮ್ಮ ನನ್ನ ಹೊಟ್ಟೆಯ ಮೇಲೊಮ್ಮೆ ಕೈಯಾಡಿಸಿ ನೋಡುತ್ತಾಳೆ.

"ಮಾಡೀನಿ. ಇನ್ನಾ ಕುಡಿದಿಲ್ಲ. ನೀನೂ ಬಾ."