ಮುಯ್ಯಿ ಗಿರಾಕಿ

ನರಸಿಂಹರಾಜಪುರದ ಬಸ್ಸುಗಳೆಲ್ಲ ಕೆಳಗಿನ ಹೊಸ ನಿಲ್ದಾಣಕ್ಕೆ ಹೋಗತೊಡಗಿದ ಮೇಲೆ ಹಳೇಪೇಟೆ ಬೀದಿಗೆ ಬರುವವರೆಂದರೆ ದಾರಿ ತಪ್ಪಿದವರು ಮಾತ್ರ. ಅವರೂ ದಾರಿ ಕೇಳಿಕೊಂಡು ಹೊರಟುಬಿಡುತ್ತಿದ್ದರು. ಮಾತಿಗೆ ಜನವಿಲ್ಲದೆ ಸೊರಗಿದ ಅಂಗಡಿಯವರು, ಒಬ್ಬ ದಾರಿ ಕೇಳಿದರೆ ಸಾಕು, ಎಲ್ಲ ಅಂಗಡಿಗಳಿಂದಲೂ ಇಳಿದು ಬಂದು ಉತ್ತರ ಹೇಳುತ್ತಿದ್ದರು.

ಬೀದಿಯ ನಡುವಿನ ಜವಳಿ ಅಂಗಡಿ ರೇಣುಕಪ್ಪನದು. ಅಪ್ಪ ಕೂತ ಗಾದಿಯ ಮೇಲೆ ಕೂತು, ಬೆಳಿಗ್ಗೆ ಬಿಚ್ಚಿದ ಪಂಚೆಗಳನ್ನು ಸಂಜೆ ಮಡಿಸಿಡುವುದಷ್ಟೇ ಈಗ ಅವನ ವ್ಯಾಪಾರ. ಮಡಿಕೆ ಸರಿಬರಲಿಲ್ಲವೇನೋ ಎಂದು ಮತ್ತೆ ಬಿಚ್ಚಿ ಮಡಿಸುವ ಸ್ವಭಾವ ಬೇರೆ.

ಒಂದು ದಿನ ಹೆಂಡತಿ ದಾಕ್ಷಾಯಿಣಿ ಹೇಳಿದಳು: "ಅಣ್ಣ ಬಾಳೆಹೊನ್ನೂರಲ್ಲಿ ಅವನ ಅಂಗಡಿಯ ಅರ್ಧ ನಮಗೆ ಬಿಟ್ಟುಕೊಡ್ತಾನಂತೆ. ಶ್ರಾವಣದ ಮೊದಲ ಸಂತೆ ದಿನ ಪಿಕಪ್ ತಗೊಂಡೇ ಬರ್ತಾನೆ. ಅವತ್ತು ನಮ್ಮ ಅಂಗಡೀಲಿ ಗಿರಾಕಿ ಕಂಡ್ರೆ ಸರಿ, ಇಲ್ದಿದ್ರೆ ಕಪಾಟು ಹೇರೋದೇ."

ಭಾವ ಮರುಳಪ್ಪನ ಅಂಗಡಿಯಲ್ಲಿ ತನಗೆ ಸಿಗುವುದು ಅರ್ಧ ಜಾಗವಲ್ಲ, ಒಂದು ಸ್ಟೂಲು ಎಂಬುದು ರೇಣುಕಪ್ಪನಿಗೆ ಗೊತ್ತಿತ್ತು. ಅಪ್ಪನ ಗಾದಿ ಬಿಟ್ಟು ಆ ಸ್ಟೂಲಿನ ಮೇಲೆ ಕೂರುವುದನ್ನು ನೆನೆದರೆ ಅನ್ನ ಸೇರುತ್ತಿರಲಿಲ್ಲ.

ಕತ್ತಿ-ಗುದ್ದಲಿ ಮಾರುವ ರಂಗಪ್ಪನ ಅಂಗಡಿಯ ಜಗಲಿಯಲ್ಲಿ ಬೀದಿಯವರೆಲ್ಲ ಸೇರಿದರು. ಬೀದಿಯನ್ನು ಮತ್ತೆ ಎಬ್ಬಿಸುವುದು ಹೇಗೆಂದು ಮಾತಾಯಿತು. ಹೋಟೆಲಿನ ನಾರಾಯಣ, ಬೀದಿಯ ಬಾಯಲ್ಲಿ ಸ್ವಾಗತದ ಕಮಾನು ಕಟ್ಟಿಸೋಣವೆಂದ.

"ಯಾರನ್ನ ಸ್ವಾಗತ ಮಾಡೋದು? ಬೀದೀಲಿ ಮಲಗೋ ಪ್ರೇಮಕ್ಕನ ದನಾನಾ?" ಎಂದಳು ಪಾತ್ರೆ ಅಂಗಡಿಯ ವನಜಮ್ಮ.

ರಂಗಪ್ಪ ಎಲೆಗೆ ಸುಣ್ಣ ಹಚ್ಚುತ್ತ ಹೇಳಿದ: "ನೋಡು ಮಾರಾಯ, ಜನ ಇದ್ದಲ್ಲಿಗೇ ಜನ ಬರೋದು. ನಟ್ಟಿಗೆ ಆಳು ಸಿಗ್ದಿದ್ರೆ ನಾವೆಂತ ಮಾಡ್ತೀವಿ? ಮುಯ್ಯಾಳು. ಇವತ್ತು ನಾನು ನಿನ್ನ ಗದ್ದೆಗೆ, ನಾಳೆ ನೀನು ನನ್ನ ಗದ್ದೆಗೆ. ಗಿರಾಕಿ ಸಿಗ್ದಿದ್ರೂ ಹಂಗೇ ಮಾಡುವ."

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಷ್ಟು ಸುಲಭದ ಉಪಾಯ ಇಷ್ಟು ದಿನ ಹೊಳೆಯಲಿಲ್ಲವಲ್ಲ ಎಂದು ನಾಚಿಕೆಯೂ ಆಯಿತು.

ಮರುದಿನದಿಂದಲೇ ಮುಯ್ಯಿ ಶುರು. ಮುಯ್ಯಿ ಗಿರಾಕಿ ಕೊಳ್ಳಬೇಕಾಗಿಲ್ಲ. ನೋಡಬೇಕು, ಚೌಕಾಸಿ ಮಾಡಬೇಕು, ಬಾಗಿಲಲ್ಲಿ ನಾಲ್ಕು ಜನ ಇದ್ದ ಹಾಗೆ ಕಾಣಬೇಕು. ಸಂಜೆ ಅಂಗಡಿಯವನು ಸಾಮಾನನ್ನು ತಿರುಗಿ ಒಳಗಿಟ್ಟು, "ನಾಳೆ ನಾನು ನಿಮ್ಮಲ್ಲಿಗೆ ಬರ್ತೀನಿ" ಎಂದು ಹೇಳಿ ಕಳಿಸಬೇಕು. ಆದರೆ ಮುಯ್ಯಿ ಎಂದ ಮೇಲೆ ಗದ್ದೆಯ ಕಟ್ಟಳೆಯೆಲ್ಲ ಹಿಂದೆಯೇ ಬಂತು. ಹತ್ತು ಗಂಟೆಗೆ ಕಾಫಿ, ಮಧ್ಯಾಹ್ನಕ್ಕೆ ಊಟ, ಉಂಡ ಮೇಲೆ ಎಲೆಅಡಿಕೆ. ಊಟ ತಡವಾದರೆ ಗಿರಾಕಿಗಳು ಚೌಕಾಸಿ ನಿಲ್ಲಿಸಿ ಕೂತುಬಿಡುತ್ತಿದ್ದರು.

ರೇಣುಕಪ್ಪನಷ್ಟು ನಿಯತ್ತಿನ ಮುಯ್ಯಿ ಗಿರಾಕಿ ಆ ಬೀದಿಯಲ್ಲಿ ಇನ್ನೊಬ್ಬನಿರಲಿಲ್ಲ. ಉಂಡ ಊಟಕ್ಕೆ ತಕ್ಕಷ್ಟು ಚೌಕಾಸಿ ಮಾಡಿದೆನೋ ಇಲ್ಲವೋ ಎಂದು ಅವನಿಗೆ ಸದಾ ಅಳುಕು. ವನಜಮ್ಮನ ಅಂಗಡಿಯಲ್ಲಿ ಒಂದು ತಾಮ್ರದ ಹಂಡೆಯನ್ನು ಬೆಳಗಿನಿಂದ ಸಂಜೆಯವರೆಗೆ ಬಡಿದು ನೋಡಿದ.

"ಸಾಕು ರೇಣುಕಪ್ಪೋರೇ, ಹಂಡೆ ನೆಗ್ಗಿ ಹೋತು" ಎಂದಳು ವನಜಮ್ಮ.

"ಹಂಗಾರೆ ನಾಳೆ ಇನ್ನರ್ಧ ದಿನ ಬಂದು ನಿಲ್ತೀನಿ ವನಜಕ್ಕ. ಇವತ್ತಿಂದು ಸರಿಯಾಗಲಿಲ್ಲ."

ಹೀಗೆ ಎಲ್ಲರ ಅಂಗಡಿಯಲ್ಲೂ ನಿಂತೂ ನಿಂತು, ಆಷಾಢ ಮುಗಿಯುವ ಹೊತ್ತಿಗೆ ಇಡೀ ಬೀದಿಯೇ ಅವನಿಗೆ ಮುಯ್ಯಿ ತೀರಿಸಬೇಕಾಗಿತ್ತು. ಭಾವ ಬರುವ ಹಿಂದಿನ ದಿನ ರೇಣುಕಪ್ಪ ಮನೆಮನೆಗೆ ಹೋಗಿ, ನಾಳೆ ಎಲ್ಲರೂ ತನ್ನಲ್ಲಿಗೇ ಬರಬೇಕೆಂದು ಕೇಳಿಕೊಂಡ. ಮುಯ್ಯಿಗೆ ಇಲ್ಲವೆನ್ನುವವರುಂಟೆ? ಎಲ್ಲರೂ ಬಂದರು. ಬರುವಾಗ ತಮ್ಮ ತಮ್ಮ ಅಂಗಡಿಯ ಬಾಗಿಲು ಹಾಕಿಕೊಂಡು ಬಂದರು.

ಮರುಳಪ್ಪ ಪಿಕಪ್ ತಂದು ನಿಲ್ಲಿಸಿದಾಗ ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಒಂದು ಅಂಗಡಿಯೂ ತೆರೆದಿರಲಿಲ್ಲ. ನಡುವೆ ರೇಣುಕಪ್ಪನ ಅಂಗಡಿಯೊಂದರಲ್ಲಿ ಮಾತ್ರ ಕಾಲಿಡಲು ಜಾಗವಿರಲಿಲ್ಲ.

"ಯಾರಾದ್ರೂ ತೀರಿಕೊಂಡ್ರಾ?" ಎಂದು ಕೇಳಿದ ಮರುಳಪ್ಪ.

"ಇಲ್ಲ ಭಾವ, ವ್ಯಾಪಾರ" ಎಂದ ರೇಣುಕಪ್ಪ.

ಮರುಳಪ್ಪನನ್ನು ಕೂರಿಸಿ ಕಾಫಿ ಕೊಟ್ಟರು. ಗಿರಾಕಿಗಳೆಲ್ಲರಿಗೂ ಕಾಫಿ ಬಂದಿದ್ದು ಕಂಡು ಅವನ ಹುಬ್ಬು ಮೇಲೇರಿತು. ಮಧ್ಯಾಹ್ನ ದಾಕ್ಷಾಯಿಣಿ ಸೀರೆಯ ಕಪಾಟುಗಳ ನಡುವೆ ಬಾಳೆಲೆ ಹಾಕಿ ಗಿರಾಕಿಗಳನ್ನು ಸಾಲಾಗಿ ಕೂರಿಸಿದಾಗ ಹುಬ್ಬು ಅಲ್ಲಿಂದ ಇಳಿಯಲೇ ಇಲ್ಲ. ಆದರೂ ಹಸಿವು ಹಸಿವೇ. ಅವನೂ ಒಂದು ಎಲೆಯ ಮುಂದೆ ಕೂತ.

ಆಗಲೇ ಸೀತೂರಿನ ಬಸವಮ್ಮ ಬಂದದ್ದು. ಬೀದಿಯವರಾರಿಗೂ ಅವಳ ಗುರುತಿರಲಿಲ್ಲ. ಜನ ಸೇರಿದ್ದು ಕಂಡು ಒಳಗೆ ಬಂದವಳಿಗೆ ರಂಗಪ್ಪ ಸರಿದು ಜಾಗ ಕೊಟ್ಟು, "ಯಾರ ಕಡೆ ಮುಯ್ಯಿ ನಿಂದು?" ಎಂದು ಕೇಳಿದ.

"ನನಗೆಲ್ಲಿ ಮುಯ್ಯಿ? ನಾಳೆ ನಟ್ಟಿ, ಆಳೇ ಸಿಕ್ಕಿಲ್ಲ" ಎನ್ನುತ್ತ ಅವಳೂ ಎಲೆಯ ಮುಂದೆ ಕೂತಳು.

ಉಂಡು ಎದ್ದು ಟವೆಲ್ ತೋರಿಸಲು ಹೇಳಿದಳು. ರೇಣುಕಪ್ಪ ತೋರಿಸಿದ. ದಪ್ಪ ನೂಲಿನ ಒಂದಷ್ಟನ್ನು ಆರಿಸಿ, ಚೌಕಾಸಿ ಮಾಡಿ, "ಇವನ್ನ ಕಟ್ಟಿಕೊಡಿ" ಎಂದಳು. ಎಷ್ಟೋ ತಿಂಗಳ ಮೇಲೆ ಆ ಬೀದಿಯಲ್ಲಿ ಕೇಳಿಬಂದ ನಿಜವಾದ ಮಾತು ಅದು. ರೇಣುಕಪ್ಪನ ಕೈ ಮಾತ್ರ ರೂಢಿ ಬಿಡಲಿಲ್ಲ. ಟವೆಲುಗಳನ್ನು ನೀಟಾಗಿ ಮಡಿಸಿ ತಿರುಗಿ ಕಪಾಟಿನಲ್ಲಿಟ್ಟು, ಕೈಮುಗಿದು, "ನಾಳೆ ನಾನು ನಿಮ್ಮಲ್ಲಿಗೆ ಬರ್ತೀನಿ" ಎಂದ.

ಬಸವಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ಬನ್ನಿ ಮತ್ತೆ. ಬೆಳಿಗ್ಗೆ ಬೇಗ ಬರಬೇಕು. ಇವರೆಲ್ಲರೂ ಬರ್ತಾರಾ?"

ಮರುಳಪ್ಪ ಕೈ ತೊಳೆದು ಬಂದ. "ಏನಿದು ರೇಣುಕಪ್ಪ? ಒಬ್ಬಳು ಕೊಳ್ಳೋಕೆ ಬಂದ್ರೆ ಸಾಮಾನು ಒಳಗಿಡ್ತೀಯಲ್ಲ. ಉಳಿದವರೆಲ್ಲ ಯಾರು?"

ಸುಳ್ಳು ಹೇಳಲು ಬಾಯಿ ತೆರೆದ ರೇಣುಕಪ್ಪ, ಬೆವರು ಒರೆಸಿಕೊಂಡು ನಡೆದದ್ದೆಲ್ಲವನ್ನೂ ಹೇಳಿಬಿಟ್ಟ. ನೆಗ್ಗಿದ ಹಂಡೆಯನ್ನೂ ಬಿಡಲಿಲ್ಲ.

"ಗೊತ್ತಾಯ್ತು. ನಾಳೆ ಬೆಳಿಗ್ಗೆ ಕಪಾಟು ಹೇರುವ" ಎಂದ ಮರುಳಪ್ಪ.

"ನಾಳೆ ಆಗಲ್ಲ ಭಾವ" ಎಂದ ರೇಣುಕಪ್ಪ. ಭಾವನಿಗೆ ಅವನು ಎದುರು ಹೇಳಿದ ಮೊದಲ ಮಾತು ಅದು. "ನಾಳೆ ನಟ್ಟಿಗೆ ಬರ್ತೀನಿ ಅಂತ ಹೇಳಿಬಿಟ್ಟಿದ್ದೀನಿ."

"ನೀವೂ ಉಂಡಿದ್ದೀರಿ ಮರುಳಪ್ಪೋರೇ" ಎಂದ ರಂಗಪ್ಪ ನಿಧಾನವಾಗಿ ಅಡಿಕೆ ಅಗಿಯುತ್ತ. "ಮುಯ್ಯಿ ಊಟ ಉಂಡ ಮೇಲೆ ಒಂದು ದಿನ ತೀರಿಸಬೇಕು. ಇಲ್ದಿದ್ರೆ ಬಾಳೆಹೊನ್ನೂರಿನವ್ರು ಉಂಡು ಹೋದ್ರು ಅನ್ನೋ ಮಾತು ಬರುತ್ತೆ."

ಮರುಳಪ್ಪ ತಂಗಿಯ ಕಡೆ ನೋಡಿದ. ದಾಕ್ಷಾಯಿಣಿ ಎಲೆ ತೆಗೆಯುತ್ತಿದ್ದವಳು ತಲೆ ಎತ್ತದೆ, "ಎರಡು ಸಲ ಪಾಯಸ ಹಾಕಿಸಿಕೊಂಡಿದ್ದೀಯಲ್ಲ ಅಣ್ಣ" ಎಂದಳು.

ಮರುದಿನ ಪಿಕಪ್ಪಿನಲ್ಲಿ ಕಪಾಟುಗಳ ಬದಲು ಹಳೇಪೇಟೆ ಬೀದಿಯೇ ಸೀತೂರಿಗೆ ಹೊರಟಿತು. ಮೊಣಕಾಲುದ್ದದ ಕೆಸರಿನಲ್ಲಿ ಬಗ್ಗಿ ಸಸಿ ನೆಡುತ್ತ ಹಿಂದೆ ಹಿಂದೆ ಸರಿಯುತ್ತಿದ್ದ ರೇಣುಕಪ್ಪ, ತನ್ನ ಸಾಲು ಸೊಟ್ಟಗಾಯಿತೆಂದು ಒಂದೆರಡು ಸಸಿ ಕಿತ್ತು ಮತ್ತೆ ನೆಟ್ಟ. ಪಕ್ಕದಲ್ಲಿ ಮರುಳಪ್ಪ ಸೊಂಟ ಹಿಡಿದುಕೊಂಡು, ಕಾಫಿ ಯಾವಾಗ ಬರುತ್ತದೆಂದು ಬದುವಿನ ಕಡೆಯೇ ನೋಡುತ್ತಿದ್ದ. ಕಪಾಟಿನ ಮಾತನ್ನು ಅವನು ಆಮೇಲೆ ಎತ್ತಲಿಲ್ಲ. ಎತ್ತಲು ಸೊಂಟ ಒಪ್ಪುವಂತಿರಲಿಲ್ಲ.

ಕಾಫಿಯ ಕ್ಯಾನು ಹಿಡಿದು ಬಂದ ಬಸವಮ್ಮ ಹೇಳಿದಳು: "ಮುಂದಿನ ಸಂತೆಗೆ ನಮ್ಮ ಕೇರಿಯವರೆಲ್ಲ ನಿಮ್ಮ ಬೀದಿಗೆ ಬತ್ತೀವಿ. ನೀವಿಷ್ಟು ಜನ ಬಂದಿದ್ದೀರಿ, ನಾವೂ ತೀರಿಸಬೇಕಲ್ಲ."

ರೇಣುಕಪ್ಪ ಕೈಯಲ್ಲಿದ್ದ ಸಸಿಯ ಕಟ್ಟನ್ನು ಹಾಗೇ ಹಿಡಿದು ನಿಂತ. ಕೇಳಲೋ ಬೇಡವೋ ಎಂದು ಅನುಮಾನಿಸಿ, ಕೊನೆಗೆ ಕೇಳಿಯೇಬಿಟ್ಟ: "ಮುಯ್ಯಿಗೆ ಬರೋದಾ, ಕೊಳ್ಳೋಕಾ?"

"ಬಂದ ಮೇಲೆ ಬರಿಗೈಲಿ ಹೋಗೋಕಾಗುತ್ತಾ?" ಎಂದಳು ಬಸವಮ್ಮ, ಲೋಟ ಚಾಚುತ್ತ. "ಟವೆಲ್ ಮಾತ್ರ ಈ ಸಲ ಒಳಗಿಡಬೇಡಿ. ಮತ್ತೆ, ಪಾಯಸ ಇರುತ್ತಲ್ಲ?"