ಬೂದಿ ಪದರದ ಮೇಲಿನ ಹಲ್ಲು

ನಮ್ಮ ಕೃಷ್ಣಾ ಹೊಳೆಯಲ್ಲಿ ಒಂದು ಕಾಲಕ್ಕೆ ನೀರಾನೆ ಇತ್ತು ಎಂದರೆ ಊರಲ್ಲಿ ನಗುತ್ತಾರೆ. ನಗಲಿ. ಯರಗೇರಾದ ವಿಶ್ವವಿದ್ಯಾಲಯದಲ್ಲಿ ನಾನು ಮಾಡುತ್ತಿರುವ ಸಂಶೋಧನೆಯೇ ಅದು: ಯಾವ ಪ್ರಾಣಿ ಯಾವಾಗ ಬಂತು, ಯಾವಾಗ ಅಳಿಯಿತು. ಅದರ ಮೂಳೆ ಸಿಗುವ ಅತಿ ಕೆಳಗಿನ ಪದರ ಅದರ ಹುಟ್ಟು, ಅತಿ ಮೇಲಿನ ಪದರ ಅದರ ಸಾವು. ಹಾಗಾಗಿ ಮೂಳೆಗಿಂತ ಅದು ಸಿಕ್ಕ ಜಾಗವೇ ನಮಗೆ ದೊಡ್ಡದು.

ನಮ್ಮ ಕಡೆಯ ನೀರಾನೆ ಹಳೆಯ ಜ್ವಾಲಾಮುಖಿ ಬೂದಿಯ ಪದರದ ಕೆಳಗೇ ಮುಗಿಯಿತು ಅಂತ ಉಳಿದ ಸಂಶೋಧಕರ ಮಾತು. ಬೂದಿ ಬಿದ್ದ ಮೇಲೂ ಬದುಕಿತ್ತು ಅಂತ ನನ್ನ ಹಟ. ಎರಡು ವರ್ಷ ಗೂಗಲ್ ಊರಿನ ಹೊಳೆ ದಂಡೆ ಕೆದರಿದರೂ ಬೂದಿಯ ಮೇಲೆ ನೀರಾನೆಯದು ಒಂದು ಚೂರೂ ಸಿಗಲಿಲ್ಲ. ಅಲ್ಲೇ ಕುರಿ ಕಾಯುವ ಅಪ್ಪ ಕನಕರಾಯ ನನ್ನ ಪಾಡು ನೋಡುತ್ತಿದ್ದ. ಯುಗಾದಿಯಾದ ವಾರಕ್ಕೆ ಫೋನ್ ಮಾಡಿ ಕರೆದ. ಹೋದರೆ, ಬೂದಿಗಿಂತ ಮೊಳ ಮೇಲೆ ಮಣ್ಣಿನಲ್ಲಿ ನೀರಾನೆಯ ದವಡೆ ಹಲ್ಲು! ನನಗೆ ಸ್ವರ್ಗ ಮೂರೇ ಗೇಣು.

ವಿಭಾಗದಲ್ಲಿ ಎಲ್ಲರೆದುರು ಎದ್ದು ನಿಂತು ಹೇಳಿಯೂ ಬಿಟ್ಟೆ. ಆಮೇಲೆ ಅಳತೆಗೆಂದು ಭೂತಗನ್ನಡಿ ಹಿಡಿದಾಗ ಹಲ್ಲಿನ ಸಂದಿಯಲ್ಲಿ ಹಳದಿ ಪುಡಿ ಕಂಡಿತು. ಮೂಸಿದೆ. ಭಂಡಾರ, ಬೀರಪ್ಪನ ಅರಿಶಿನ. ನಮ್ಮ ಮನೆಯ ದೇವರ ಬುಟ್ಟಿಯಲ್ಲಿ ಇರುವುದಕ್ಕೆಲ್ಲ ವಾರವಾರ ಅದನ್ನೇ ಬಳಿಯುತ್ತಾರೆ. ಹೆಣ್ಣುಮಕ್ಕಳು ಆ ಬುಟ್ಟಿ ಮುಟ್ಟುವಂತಿಲ್ಲ, ಅದರೊಳಗೆ ಏನಿದೆ ಅಂತ ನಾನು ಯಾವತ್ತೂ ನೋಡಿದವಳಲ್ಲ.

ದೇವದುರ್ಗದ ಬಸ್ ಹಿಡಿದು ಊರಿಗೆ ಹೋಗಿ ಕೇಳಿದೆ. ಅಪ್ಪ ಮುಚ್ಚಿಡಲಿಲ್ಲ. ಅವನ ಮುತ್ತಜ್ಜನಿಗೆ ಹೊಳೆಯಲ್ಲೇ ಸಿಕ್ಕ ಹಲ್ಲಂತೆ, ಯಾವ ಕಡೆ ಅಂತ ಯಾರಿಗೂ ಗೊತ್ತಿಲ್ಲವಂತೆ. ಅದನ್ನೇ ಅಪ್ಪ ನಾನು ಕೆದರಿದ ಜಾಗ ನೋಡಿ ಹುಗಿದಿದ್ದ.

"ದೇವರಿಂದು ತಗದು ಕೊಟ್ಟೀನಿ ಯವ್ವಾ, ನಿನ್ನ ಸಲುವಾಗಿ" ಅಂದ.

"ಕೈಯಾಗ ಕೊಡಬೇಕಿತ್ತು ಯಪ್ಪಾ. ಮಣ್ಣಾಗ ಯಾಕ ಹುಗದಿ?"

ಬೇರೆ ಯಾರಾದರೂ ಮೋಸ ಮಾಡಿದ್ದರೆ ಬೈದು ಮರೆಯುತ್ತಿದ್ದೆ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳಲಿ? ಆ ಹಲ್ಲು ನಿಜಕ್ಕೂ ಬೂದಿಯ ಮೇಲಿನದೇ ಇದ್ದಿರಬಹುದು. ಇನ್ನು ಅದನ್ನು ಯಾರೂ ಹೇಳಲಾರರು.

ಗೈಡ್ ಸುಜಾತಾ ಮೇಡಂಗೆ ಎಲ್ಲ ಹೇಳಿ ಹಲ್ಲನ್ನು ಪಟ್ಟಿಯಿಂದ ತೆಗೆದೆ. ಅವರು ಬೈಯಲಿಲ್ಲ. ನಿಮ್ಮ ತಂದೆ ತೋರಿಸಿದ್ದು ಬೇರೆ ಏನಾದರೂ ಇದೆಯಾ ಅಂತ ಮಾತ್ರ ಕೇಳಿದರು.

ಇತ್ತು. ಕುದುರೆಯ ದವಡೆ, ಕಾಡೆಮ್ಮೆಯ ಕೊಂಬು, ಅಪ್ಪ ಈ ಮೊದಲು ತೋರಿಸಿದ್ದು ಎಲ್ಲ ಸೇರಿ ಏಳು. ನನ್ನ ಅರ್ಧ ಪ್ರಬಂಧ ನಿಂತಿದ್ದೇ ಅವುಗಳ ಮೇಲೆ. ಮತ್ತೆ ಊರಿಗೆ ಹೋಗಿ ಅಪ್ಪನನ್ನು ಒಂದೊಂದಾಗಿ ಕೇಳಿದೆ. ಏಳೂ ಖರೇನೇ ಸಿಕ್ಕಿದ್ದು ಅಂದವನು ಆಣೆ ಮಾಡುತ್ತೇನೆಂದು ನನ್ನ ತಲೆಯ ಮೇಲೆ ಕೈಯಿಡಲು ಬಂದ.

ನಾನು ತಲೆ ಹಿಂದೆ ಸರಿಸಿಕೊಂಡೆ.