ವಳ್ಳೂರಿನ ದಾರಿಯಲ್ಲಿ ಸ್ಪ್ಯಾನಿಷ್

ನಾನು ಸ್ಪ್ಯಾನಿಷ್ ಕಲಿಯಲು ಶುರು ಮಾಡಿದ್ದು ಆಸೆಯಿಂದ, ಕಲಿತದ್ದು ಸಿಟ್ಟಿನಿಂದ. ಯಾರು ಕೇಳಿದರೂ ಹೀಗೇ ಹೇಳುತ್ತೇನೆ, ಅದರಲ್ಲಿ ನಾಚಿಕೆಯೇನಿಲ್ಲ.

ರುದ್ರಮುನಿ ನನ್ನ ದೊಡ್ಡಪ್ಪನ ಮಗ. ನನಗೆ ಒಡಹುಟ್ಟಿದವರಿಲ್ಲ. ನನ್ನ ಮದುವೆಯಲ್ಲಿ ಅಣ್ಣನ ಸ್ಥಾನದಲ್ಲಿ ನಿಂತವನು ಅವನೇ, ಗೌರಿಹಬ್ಬಕ್ಕೆ ಸೀರೆ ತರುವವನೂ ಅವನೇ. ಇಬ್ಬರಿಗೂ ಕೆಲಸ ವಳ್ಳೂರಿನ ಸೋಲಾರ್ ಪಾರ್ಕಿನಲ್ಲಿರುವ ಒಂದು ಸ್ಪೇನ್ ಕಂಪನಿಯಲ್ಲಿ. ಹಳ್ಳಿಯವರ ಜೊತೆ ಜಮೀನಿನ ಮಾತುಕತೆ ನನ್ನದು. ಅವನು ಸ್ಪ್ಯಾನಿಷ್ ಕೋರ್ಸ್ ಮಾಡಿಕೊಂಡು ಬಂದ ದುಭಾಷಿ. ಬೆಳಿಗ್ಗೆ ಮಧುಗಿರಿಯಿಂದ ನನ್ನ ಕಾರಿನಲ್ಲೇ ಬರುತ್ತಿದ್ದ, ಸಂಜೆ ತಡವಾಗಿ ಕಂಪನಿ ಜೀಪಿನಲ್ಲಿ ವಾಪಸಾಗುತ್ತಿದ್ದ.

ಈ ವರ್ಷ ಸೈಟಿನ ಮುಖ್ಯಸ್ಥರ ಹುದ್ದೆ ಖಾಲಿಯಾಯಿತು. ಅದು ನನಗೇ ಬರಬೇಕಿತ್ತು. ಕುರಿ ಕಾಯುವವರು ಬೇಲಿ ಕಿತ್ತು ಗಲಾಟೆ ಎಬ್ಬಿಸಿದಾಗ ನಡುವೆ ನಿಂತವಳು ನಾನು. ಪ್ಯಾನೆಲ್‌ಗಳ ಸಾಲಿನ ನಡುವೆ ಕುರಿ ಮೇಯಲು ಬಿಡಿ, ನಿಮಗೆ ಹುಲ್ಲು ಕೀಳಿಸುವ ತಲೆನೋವು ತಪ್ಪುತ್ತದೆ ಎಂದು ಕಂಪನಿಯನ್ನು ಒಪ್ಪಿಸಿದವಳೂ ನಾನೇ. ಆದರೆ ತೀರ್ಮಾನ ಮಾಡುವ ದೊಡ್ಡ ಸಾಹೇಬರು ಹಾವಿಯರ್ ಇರುವುದು ಸ್ಪೇನಿನಲ್ಲಿ. ಅವರ ಇಂಗ್ಲಿಷ್ ನಮಸ್ಕಾರ, ಕುಶಲ ಮುಗಿಯುವಷ್ಟರಲ್ಲಿ ಖಾಲಿ.

ಅಮ್ಮ ಚನ್ನಮಲ್ಲಮ್ಮನಿಗೆ ವಿಷಯ ಹೇಳಿದೆ.

"ನಿನ್ ಹೆಚ್ಚುಗಾರಿಕೆ ನೀನೇ ಹೇಳ್ಕಂಡ್ರೆ ಚೆಂದಾಗಿರಲ್ಲ ಕಣಮ್ಮ. ಅಣ್ಣ ಅಂತ ಒಬ್ಬ ಅವ್ನಲ್ಲ, ಅವ್ನೇ ಮಾತಾಡ್ತಾನೆ ಬುಡು," ಅಂದಳು.

ನಮ್ಮ ಮನೆತನದಲ್ಲಿ ಹಾಗೇ. ಗಂಡು ನೋಡುವುದಿರಲಿ, ಕೆಲಸ ಕೇಳುವುದಿರಲಿ, ಹೆಣ್ಣುಮಗಳ ಮಾತು ಅಣ್ಣನ ಬಾಯಿಂದ ಹೊರಡಬೇಕು. ನಾನೂ ಅದೇ ನೀರು ಕುಡಿದು ಬೆಳೆದವಳು. ಹೋಗಿ ಅವನನ್ನು ಕೇಳಿಕೊಂಡೆ. ಅವನು ಎದೆ ತಟ್ಟಿಕೊಂಡು ಒಪ್ಪಿದ.

ಹುದ್ದೆ ಸಿಕ್ಕ ಮೇಲೆ ಭಾಷೆ ಬೇಕಾಗುತ್ತದಲ್ಲ ಎಂದು ಫೋನಿಗೆ ಆಡಿಯೋ ಪಾಠ ಹಾಕಿಸಿಕೊಂಡೆ. ಅಣ್ಣನಿಗೆ ಹೇಳಲಿಲ್ಲ, ಒಂದು ದಿನ ಬೆರಗುಗೊಳಿಸೋಣ ಅಂತ. ಸಂಜೆ ಒಬ್ಬಳೇ ವಾಪಸಾಗುವಾಗ ಪಾಠದ ಹೆಂಗಸು ಹೇಳಿಕೊಟ್ಟದ್ದನ್ನು ಕೂಗಿ ಕೂಗಿ ಹೇಳುತ್ತಿದ್ದೆ. ರೈಲ್ವೆ ಸ್ಟೇಷನ್ ಎಲ್ಲಿದೆ ಅಂತ ಕೇಳುವುದನ್ನು ರೈಲನ್ನೇ ಕಾಣದ ಪಾವಗಡದ ರಸ್ತೆಯಲ್ಲಿ ಕಲಿತೆ. ಕಡಲೆಕಾಯಿ ಹೊಲದಿಂದ ಮನೆಗೆ ಹೊರಟ ಹೆಂಗಸರು ನನ್ನನ್ನು ನೋಡಿ ನಗುತ್ತಿದ್ದರು.

ಬೆಳಗಿನ ಹೊತ್ತು ಪಕ್ಕದ ಸೀಟಿನಿಂದ ಅಣ್ಣ ಹಾವಿಯರ್‌ಗೆ ಫೋನ್ ಮಾಡುತ್ತಿದ್ದ. ಸ್ಪೇನಿನಲ್ಲಿ ಆಗಿನ್ನೂ ನಸುಕು, ಸಾಹೇಬರು ಕೋಳಿಗಿಂತ ಮೊದಲೇ ಏಳುವವರು. "ನಿನ್ ವಿಷ್ಯಾನೇ ಹೇಳ್ತಿದೀನಿ," ಅನ್ನುತ್ತಿದ್ದ. ನನ್ನ ಹೆಸರು ಬಂದಾಗಲೆಲ್ಲ ಹಿಂದೆಯೇ ಒಂದು ಪದ ಬರುತ್ತಿತ್ತು, 'ಸ್ವೇಗ್ರಾ'.

"ಅಂಗಂದ್ರೇನಣ್ಣ?"

"ಅನುಭವ ಅಂತ ಕಣಮ್ಮ. ನಿಂಗೆ ಬಾಳ ಅನುಭವ ಐತೆ ಅಂತ ಹೇಳ್ತಿದೀನಿ."

ಸಂಬಂಧಗಳ ಪಾಠ ಬಂದದ್ದು ಮಿಡಿಗೇಶಿಯ ಹತ್ತಿರ. ತಾಯಿ, ತಂದೆ, ಅಣ್ಣ, ತಂಗಿ, ಆಮೇಲೆ ಸ್ವೇಗ್ರಾ. ಅದರ ಅರ್ಥ ಅತ್ತೆ. ಕಾರನ್ನು ರಸ್ತೆಯ ಬದಿಗೆ ಹಾಕಿ ಮತ್ತೆ ಮತ್ತೆ ಕೇಳಿಸಿಕೊಂಡೆ. ನನ್ನ ಅತ್ತೆ ಜಗದಾಂಬ ದಿನಾ ರೊಟ್ಟಿ ಕಟ್ಟಿಕೊಟ್ಟು "ಹೊತ್ತಾಯ್ತು, ಹೊರಡು" ಎಂದು ನನ್ನನ್ನು ಮನೆಯಿಂದ ಅಟ್ಟುವ ಹೆಂಗಸು. ಅವರ ಹೆಸರು ನನ್ನ ಕೆಲಸದ ಮಾತಿನಲ್ಲಿ ಯಾಕೆ ಬರಬೇಕು? ಮೈಯೆಲ್ಲ ಉರಿದುಹೋಯಿತು.

ಆವತ್ತೇ ಅವನ ಕುತ್ತಿಗೆ ಪಟ್ಟಿ ಹಿಡಿಯಬಹುದಿತ್ತು. ಹಿಡಿಯಲಿಲ್ಲ. ಹಿಡಿದಿದ್ದರೆ ಅಮ್ಮನೆದುರು ಇನ್ನೊಂದು ಸುಳ್ಳು ಹೇಳಿ ಜಾರಿಕೊಳ್ಳುತ್ತಿದ್ದ. ಅವನು ಚಾಡಿ ಹೇಳುವ ಭಾಷೆಯಲ್ಲೇ, ಚಾಡಿ ಕೇಳುವವರ ಎದುರಿಗೇ ಅವನನ್ನು ಹಿಡಿಯಬೇಕಿತ್ತು. ಅಲ್ಲಿಂದ ಮುಂದೆ ಸ್ಟೇರಿಂಗ್ ಗುದ್ದಿ ಗುದ್ದಿ ಕಲಿತೆ. ಬೆಳಿಗ್ಗೆ ಮಾತ್ರ ನಗುನಗುತ್ತಾ ಬಾಗಿಲು ತೆಗೆದು "ಬಾಣ್ಣ" ಅನ್ನುತ್ತಿದ್ದೆ. ಅಷ್ಟು ಚೆನ್ನಾಗಿ ನಟಿಸಬಲ್ಲೆ ಅಂತ ನನಗೇ ಗೊತ್ತಿರಲಿಲ್ಲ.

ಕೊನೆಗೊಂದು ಬೆಳಿಗ್ಗೆ ಅವನು ಸ್ಪೀಕರ್ ಹಾಕಿಕೊಂಡು ಮಾತಾಡುತ್ತಿದ್ದ. ಈ ಸಲ ನನಗೆ ಎಲ್ಲವೂ ತಿಳಿಯಿತು. "ಮಂಜುಶ್ರೀ ಒಳ್ಳೆಯವಳೇ. ಆದರೆ ಅವಳ ಅತ್ತೆ ಬಿಡುವುದಿಲ್ಲ. ಅವಳಿಗೂ ಆ ಹುದ್ದೆ ಬೇಡವಂತೆ. ಬೇಕಾದರೆ ನಾನು ವಹಿಸಿಕೊಳ್ಳುತ್ತೇನೆ."

ನಾನು ರಸ್ತೆಯಿಂದ ಕಣ್ಣು ಕೀಳದೆ ಸ್ಪ್ಯಾನಿಷಿನಲ್ಲಿ ನಿಧಾನವಾಗಿ ಹೇಳಿದೆ. "ಸಾಹೇಬರೇ, ನಾನು ಮಂಜುಶ್ರೀ. ನನಗೆ ಆ ಹುದ್ದೆ ಬೇಕು. ನನ್ನ ಅತ್ತೆ ಯಾವುದಕ್ಕೂ ಅಡ್ಡಿ ಮಾಡಿಲ್ಲ. ಈತ ಸುಳ್ಳು ಹೇಳುತ್ತಿದ್ದಾನೆ."

ರುದ್ರಮುನಿಯ ಬಾಯಿ ತೆರೆದದ್ದು ತೆರೆದೇ ಇತ್ತು. ಆ ಮುಖ ನೋಡುವುದಕ್ಕಾಗಿ ಇನ್ನೂ ಹತ್ತು ಭಾಷೆ ಬೇಕಾದರೂ ಕಲಿಯುತ್ತಿದ್ದೆ.

"ನಿನ್ನ ಅತ್ತೆಯ ವಿಷಯ ಹೇಳಲು ಅವನು ನಿನಗೇನಾಗಬೇಕು?" ಎಂದರು ಹಾವಿಯರ್.

"ನನ್ನ ಅಣ್ಣ."

ದೊಡ್ಡಪ್ಪನ ಮಗ ಅನ್ನುವುದಕ್ಕೆ ಅವರಲ್ಲಿ ಬೇರೆ ಪದ ಇದೆಯಂತೆ. ಇರಲಿ. ನಮ್ಮಲ್ಲಿ ದೊಡ್ಡಪ್ಪನ ಮಗ ಅಣ್ಣನೇ.

"ಅಣ್ಣನೇ ಹೀಗೆ ಮಾಡಿದನೇ?" ಅವರ ದನಿ ಗಡುಸಾಯಿತು.

ರುದ್ರಮುನಿ ಫೋನನ್ನು ಬಾಯಿಗೆ ಒತ್ತಿಕೊಂಡು ಕಿರುಚಿದ. "ಇಲ್ಲ ಸಾರ್, ಇವಳು ನನ್ನ ತಂಗಿ ಅಲ್ಲ! ದೂರದ ನೆಂಟಳು ಅಷ್ಟೇ. ನನಗೂ ಇವಳಿಗೂ ಏನೂ ಇಲ್ಲ."

ಸುಳ್ಳುಗಳಿಗೆಲ್ಲ ನಾನು ತಯಾರಾಗಿದ್ದೆ. ಇದಕ್ಕೆ ಆಗಿರಲಿಲ್ಲ. ಆಫೀಸು ತಲುಪಿದ ಮೇಲೆ ನೀನೊಬ್ಬಳೇ ಫೋನ್ ಮಾಡು ಎಂದು ಹಾವಿಯರ್ ನನಗೆ ಹೇಳಿ ಫೋನ್ ಇಟ್ಟರು.

ನಾನು ಕಾರು ನಿಲ್ಲಿಸಿದೆ. ಸುತ್ತ ಬರೀ ಬಂಡೆ, ಜಾಲಿ.

"ಯಾಕ್ ನಿಲ್ಲಿಸ್ದೆ ಮಂಜು?"

"ಇಳೀರಿ."

"ಲೇ, ಹುಚ್ಚು ಹಿಡೀತಾ? ಇಲ್ಲಿ ಬಸ್ಸು ಕೂಡ ನಿಲ್ಲಲ್ಲ!"

"ನಾನ್ ದಿನಾ ಕೂರಿಸ್ಕಂಡ್ ಬರ್ತಿದ್ದಿದ್ದು ನಮ್ಮಣ್ಣನ್ನ. ನೀವ್ಯಾರೋ ನಂಗೊತ್ತಿಲ್ಲ ಸಾರ್."

ಇಳಿದ. ಇಳಿಯದೆ ಏನು ಮಾಡುತ್ತಾನೆ?

ಹುದ್ದೆ ನನಗೇ ಬಂತು. ಅವನು ಈಗಲೂ ಅದೇ ಆಫೀಸಿನಲ್ಲಿ ನನ್ನ ಕೈಕೆಳಗಿದ್ದಾನೆ. ತೆಗೆದುಹಾಕೋಣವೇ ಎಂದು ಹಾವಿಯರ್ ಕೇಳಿದಾಗ ಬೇಡ ಅಂದವಳು ನಾನೇ. ಅಮ್ಮ ಅದನ್ನು ನನ್ನ ದೊಡ್ಡ ಮನಸ್ಸು ಅಂದುಕೊಂಡಿದ್ದಾಳೆ. ಎಲ್ಲರೆದುರು ನಾನು ಅವನಿಗೆ ಬಹಳ ಮರ್ಯಾದೆ ಕೊಡುತ್ತೇನೆ. "ರುದ್ರಮುನಿಯವರೇ, ನೀವು ಇಲ್ಲಿ ಸಹಿ ಮಾಡಿ," ಅನ್ನುತ್ತೇನೆ. ಒಮ್ಮೆ ಬಾಗಿಲ ಹತ್ತಿರ ಅವನು ತಡೆದು, "ಒಂದ್ಸಲ ಅಣ್ಣ ಅನ್ನು ಮಂಜು," ಎಂದು ಕಣ್ಣಲ್ಲಿ ನೀರು ತಂದುಕೊಂಡ.

"ಹೇಳಿ ಸಾರ್," ಅಂದೆ.